ಟ್ರೂಡಿಯ ಹೆಸರು

ಹೆರಾನ್ ಲ್ಯಾಂಡಿಂಗ್, ವಿಸ್ಕಾನ್ಸಿನ್
ಸೆಪ್ಟೆಂಬರ್ 18, 2022

ಪ್ರೀತಿಯ ಅಣ್ಣನಿಗೆ,

ಜುಲೈನಲ್ಲಿ ನೀನು ಫೋನ್ ಕುಕ್ಕಿದ ಮೇಲೆ ಎರಡು ತಿಂಗಳಾಯಿತು. ನೀನೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಮೊಂಟಾನಾ ಮೊದಲೇ ಸಾವಿರ ಮೈಲಿ ದೂರ, ನಾವು ಅದನ್ನು ಇನ್ನಷ್ಟು ದೂರ ಮಾಡಿಕೊಳ್ಳುವುದು ಬೇಡ. ನೀನು ನೌಕಾಪಡೆಯಲ್ಲಿದ್ದಾಗಿನ ಹಾಗೆ ಕಾಗದ ಬರೆಯೋಣ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಕೂಗುತ್ತೇವೆ. ಕಾಗದವಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು.

ಇಲ್ಲಿ ಎಲ್ಲರ ಮನೆ ಮುಂದೆಯೂ ಚುನಾವಣೆ ಫಲಕಗಳು ಎದ್ದಿವೆ. ರಾಜ್ಯದ ಗವರ್ನರ್ ಚುನಾವಣೆ ಒಂದು ಕಡೆ ಇರಲಿ, ನಮ್ಮೂರಿಗೆ ಈ ಸಲ ಜಿಲ್ಲೆಯ ಪೊಲೀಸರಿಗೆಲ್ಲ ಮೇಲಿನ ಷರೀಫ್ ಹುದ್ದೆಯದೇ ದೊಡ್ಡ ಜಗಳ. ಹಾಲಿ ಷರೀಫ್ ಹನ್ನೆರಡು ವರ್ಷದಿಂದ ಕೂತಿದ್ದಾನೆ. ಎದುರಿಗೆ ನಿಂತವಳು ಅವನ ಕೈಕೆಳಗೇ ಕೆಲಸ ಮಾಡಿದವಳು. ಊರೆಲ್ಲ ಸೇರುವ ಶುಕ್ರವಾರದ ಮೀನೂಟಕ್ಕೆ ಹೋದರೆ ತಟ್ಟೆ ಬರುವ ಮೊದಲೇ ಮಾತು ಅಲ್ಲಿಗೆ ಬರುತ್ತದೆ. ಮೊನ್ನೆ ಹಾಲಿನ ಡೇರಿಯ ಎಲ್ಡನ್ ಮೇಜು ಕುಟ್ಟಿ, "ಮೊದ್ಲು ದಕ್ಷಿಣದ ಗಡಿಗೆ ಗೋಡೆ ಕಟ್ಲಿ, ಮಿಕ್ಕಿದ್ದು ಆಮೇಲೆ," ಅಂದ. ಟ್ರೂಡಿ ಸುಮ್ಮನಿರುತ್ತಾಳೆಯೇ? "ಕಟ್ಟಿಸಪ್ಪಾ ಎಲ್ಡನ್, ಕಟ್ಟಿಸು. ಆಮೇಲೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಆರುನೂರು ಹಸು ಹಾಲು ನೀನೇ ಕರಿ. ಆ ಕಡೆಯಿಂದ ಬಂದೋರು ಇಲ್ದಿದ್ರೆ ನಿನ್ನ ಕೊಟ್ಟಿಗೇಲಿ ಇವತ್ತು ಯಾರಿದ್ದಾರೆ ಹೇಳು?" ಎಲ್ಲರಿಗಿಂತ ಜೋರಾಗಿ ನಕ್ಕವನು ಎಲ್ಡನ್ನೇ. ಅವಳಿಗೆ ಇನ್ನೊಂದು ಬಿಯರ್ ತರಿಸಿಕೊಟ್ಟ.

ಟ್ರೂಡಿ ಸ್ಲಾಬಾಕ್ ನೆನಪಿದ್ದಾಳಲ್ಲ? ಪುರಸಭೆ ಕಚೇರಿಯಲ್ಲಿ ನನ್ನೆದುರಿನ ಮೇಜಿನವಳು, ಇಪ್ಪತ್ತೆರಡು ವರ್ಷದಿಂದ. ನನ್ನ ಗಂಡ ಗಾರ್ಡಿಯನ್ನು ಮಣ್ಣು ಮಾಡಿದ ದಿನ ಮೂರು ತಟ್ಟೆ ಆಲೂಗಡ್ಡೆ ಬೇಯಿಸಿ ತಂದು, ನನ್ನ ಪಕ್ಕ ಬಿಟ್ಟು ಕದಲದೆ ಕೂತವಳು. ಅವಳ ಗಂಡ ವರ್ನ್‌ಗೆ ಮರೆವಿನ ಕಾಯಿಲೆ ಬಲಿತಿದೆ. ಹಗಲು ಹೊತ್ತು ಎಲ್ಡನ್ನನ ಹೆಂಡತಿ ಕಾನಿ ಬಂದು ನೋಡಿಕೊಳ್ಳುತ್ತಾಳೆ. ಟ್ರೂಡಿ ಬಿಟ್ಟರೆ ಅವಳೊಬ್ಬಳ ಕೈಯಲ್ಲಿ ಮಾತ್ರ ವರ್ನ್ ಊಟ ಮಾಡುತ್ತಾನೆ.

ಒಂದು ತಮಾಷೆ ಹೇಳುತ್ತೇನೆ, ನಿನ್ನೊಬ್ಬನಿಗೇ. ಅಂಚೆ ಮತದಾರರಿಗೆ ಕಳಿಸಬೇಕಾದ ಖಾಲಿ ಲಕೋಟೆಗಳು ನಮ್ಮ ನೆಲಮಾಳಿಗೆಯ ತೇವಕ್ಕೆ ಅಂಟಿಕೊಂಡುಬಿಟ್ಟವು. ಹೊಸದು ತರಿಸಲು ಸಮಯವಿಲ್ಲ. ಬುಧವಾರ ಸಂಜೆ ಎರಡು ಪೆಟ್ಟಿಗೆಯನ್ನು ಪಿಕಪ್‌ಗೆ ಹೇರಿಕೊಂಡು ಮನೆಗೆ ತಂದು, ಅಡುಗೆಮನೆಯಲ್ಲಿ ಕೂತು, ತಲೆ ಒಣಗಿಸುವ ಯಂತ್ರ ಹಿಡಿದು ಎಂಟುನೂರು ಲಕೋಟೆ ಬಿಡಿಸಿದೆ. ಒಂದು ಚೂರು ಕಾಗದ ಕಚೇರಿಯಿಂದ ಹೊರಗೆ ಹೋದರೂ ಪುಸ್ತಕದಲ್ಲಿ ಬರೆದು ರುಜು ಹಾಕಬೇಕು. ನಾನು ಹಾಕಲಿಲ್ಲ. ಬೆಳಿಗ್ಗೆ ಯಾರೂ ಬರುವ ಮೊದಲು ವಾಪಸು ಇಟ್ಟೆ. ಅರವತ್ತೆರಡನೇ ವಯಸ್ಸಿನಲ್ಲಿ ಕಳ್ಳಿಯಾದೆ ನೋಡು!

ನಿನ್ನ ತಂಗಿ,
ಆರ್ಡಿಸ್


ಡ್ರೈ ಫೋರ್ಕ್, ಮೊಂಟಾನಾ
ಅಕ್ಟೋಬರ್ 3, 2022

ಪ್ರೀತಿಯ ಆರ್ಡಿ,

ಕಾಗದ ಬಂತು. ಸಂತೋಷವಾಯಿತು ಅಂತ ಬರೆದರೆ ನೀನು ತಲೆಗೇರಿಸಿಕೊಳ್ಳುತ್ತೀಯ, ಆದರೂ ಬರೆಯುತ್ತೇನೆ. ನನ್ನಾಕೆ ಮಾರ್ಗೀ ತೀರಿಹೋದ ಮೇಲೆ ಈ ಮನೆಗೆ ಕೈಬರಹದ ಕಾಗದ ಬಂದದ್ದು ಇದೇ ಮೊದಲು. ಉಳಿದದ್ದೆಲ್ಲ ವಿಮಾ ಕಂಪನಿಯವು.

ಇಲ್ಲಿ ಬೆಳಿಗ್ಗೆ ಆರೂವರೆಗೆ ಧಾನ್ಯದ ಉಗ್ರಾಣದ ಪಕ್ಕದ ಕಾಫಿ ಅಂಗಡಿಯಲ್ಲಿ ನಾವು ಐದು ಜನ ಸೇರುತ್ತೇವೆ. ವಾಷಿಂಗ್ಟನ್ನಿನವರು ಮಾಡಬೇಕಾದದ್ದನ್ನೆಲ್ಲ ಎಂಟು ಗಂಟೆಯೊಳಗೆ ತೀರ್ಮಾನ ಮಾಡಿ ಮನೆಗೆ ಹೋಗುತ್ತೇವೆ. ತೋಳ ಕೊಲ್ಲಬಾರದು ಅನ್ನುವ ಕಾನೂನು ಮಾಡಿದವನ ಹಿತ್ತಲಿಗೆ ಒಂದು ತೋಳ ಬಿಡಬೇಕು. ಸರ್ಕಾರ ನಮ್ಮ ಮೈಮೇಲಿಂದ ಇಳಿಯಬೇಕು. ನನ್ನ ಮಂಡಿ ಬದಲಿಸಿದ್ದು ಸರ್ಕಾರದ ವಿಮೆಯಲ್ಲಿ ಅಂತ ನೀನು ಬರೆಯುತ್ತೀಯ, ಗೊತ್ತು. ಬರೆಯಬೇಡ.

ಅಂಚೆಯಲ್ಲಿ ಓಟು ಹಾಕುವುದು ನನಗೆ ಹಿಡಿಸುವುದಿಲ್ಲ ಆರ್ಡಿ. ಕಾಲಿದ್ದವನು ನಡೆದು ಬಂದು ಹಾಕಲಿ. ಕಾಲಿಲ್ಲದವನ ಮನೆಗೆ ಬೇಕಾದರೆ ನಾನೇ ಗಾಡಿ ಕಳಿಸುತ್ತೇನೆ. ನಿನ್ನ ಮೇಲೆ ನನಗೆ ಅನುಮಾನವಿಲ್ಲ. ನಿನ್ನಂಥವರು ಎಲ್ಲ ಕಚೇರಿಯಲ್ಲೂ ಇರುತ್ತಾರಾ, ಅದು ಹೇಳು.

ನಿನ್ನ ಲಕೋಟೆಯ ಕಥೆ ಮೇಜಿನಲ್ಲಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆದರಬೇಡ, ನಿನ್ನ ಹೆಸರು ಹೇಳಲಿಲ್ಲ. ಮರ್ಲ್ ಮಾತ್ರ ನಗಲಿಲ್ಲ, ಅವನಿಗೆ ಎಲ್ಲದರಲ್ಲೂ ಸಂಚು ಕಾಣುತ್ತದೆ. ಬೆಳಿಗ್ಗೆ ರೇಡಿಯೋದಲ್ಲಿ ಜನ ಫೋನ್ ಮಾಡಿ ದೇಶಕ್ಕೆಲ್ಲ ಕೇಳುವ ಹಾಗೆ ಮಾತಾಡುವ ಕಾರ್ಯಕ್ರಮ ಬರುತ್ತದಲ್ಲ, ಅದಕ್ಕೆ ವಾರಕ್ಕೆ ಮೂರು ಸಲ ಫೋನ್ ಮಾಡುವ ಆಸಾಮಿ ಅವನು.

ಹಿಮ ಬೀಳುವ ಮೊದಲು ನಿನ್ನ ಮನೆಯ ಸೂರು ನೋಡಿಸು.

ನಿನ್ನ ಅಣ್ಣ,
ವೆಂಡೆಲ್


ಹೆರಾನ್ ಲ್ಯಾಂಡಿಂಗ್
ನವೆಂಬರ್ 13, 2022

ಅಣ್ಣ,

ಬಹಳ ದಣಿದಿದ್ದೇನೆ, ಚಿಕ್ಕದಾಗಿ ಬರೆಯುತ್ತೇನೆ.

ಷರೀಫ್ ಸೋತ. ಇಡೀ ಜಿಲ್ಲೆಯಲ್ಲಿ ಇಪ್ಪತ್ತೇಳು ಓಟಿನಲ್ಲಿ. ನಮ್ಮೂರಿನ ಅಂಚೆ ಮತಗಳು ಕೊನೆಗೆ ಸೇರಿದವು, ಅಲ್ಲಿಯವರೆಗೆ ಮುಂದಿದ್ದವನು ಹಿಂದೆ ಬಿದ್ದ. ಅಷ್ಟೇ ಆಗಿದ್ದರೆ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದರು.

ಗುರುವಾರ ಬೆಳಿಗ್ಗೆ ರೇಡಿಯೋದಲ್ಲಿ ನಮ್ಮೂರ ಹೆಸರು ಬಂತು. ಪುರಸಭೆ ಕಚೇರಿಯ ಟ್ರೂಡಿ ಎಂಬ ಹೆಂಗಸು ಮತಪತ್ರದ ಪೆಟ್ಟಿಗೆಗಳನ್ನು ಮನೆಗೆ ಒಯ್ದು, ಬಿಸಿಗಾಳಿ ಹಿಡಿದು ಲಕೋಟೆ ಬಿಚ್ಚಿ, ಓಟು ಬದಲಿಸಿ ಮತ್ತೆ ಅಂಟಿಸಿದಳಂತೆ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಸಂಜೆ ಕಚೇರಿಯ ಫೋನಿನಲ್ಲಿ ಯಾರೋ ಅವಳಿಗೆ ಅಂದ ಮಾತನ್ನು ಇಲ್ಲಿ ಬರೆಯಲಾರೆ. ಅವಳು ಫೋನ್ ಇಟ್ಟು, "ನೋಡೇ, ಈ ವಯಸ್ಸಲ್ಲಿ ನಾನು ರೇಡಿಯೋದಲ್ಲಿ ಬರೋ ಹಾಗಾದೆ," ಎಂದು ನಕ್ಕಳು. ಆಮೇಲೆ ಫೋನಿನ ತಂತಿ ಕಿತ್ತಿಟ್ಟಳು.

ನನ್ನ ಸೆಪ್ಟೆಂಬರ್ ಕಾಗದ ಇನ್ನೂ ಇದ್ದರೆ ಒಲೆಗೆ ಹಾಕು. ಯಾಕೆಂದು ಕೇಳಬೇಡ.

ಆರ್ಡಿಸ್


ಡ್ರೈ ಫೋರ್ಕ್
ನವೆಂಬರ್ 22, 2022

ಪ್ರೀತಿಯ ಆರ್ಡಿ,

ಕಾಗದ ಒಲೆಗೆ ಹಾಕಿದೆ. ಅದರ ಬಗ್ಗೆ ಚಿಂತೆ ಬಿಡು.

ನಿನ್ನ ಗೆಳತಿಗೆ ಆಗುತ್ತಿರುವುದು ಕೇಳಿ ಬೇಜಾರಾಯಿತು. ಆದರೂ ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ನಮ್ಮ ಮೇಜಿನ ಮಾತಿಗೂ ಈಗ ಎದ್ದಿರುವ ಗಲಾಟೆಗೂ ಸಂಬಂಧ ಇರಲಿಕ್ಕಿಲ್ಲ. ನಾವು ಆಡಿದ್ದು ಖಾಲಿ ಲಕೋಟೆಯ ತಮಾಷೆ. ಇಲ್ಲಿ ಜನ ಹೇಳುತ್ತಿರುವುದು ತುಂಬಿದ ಪೆಟ್ಟಿಗೆಯ ವಿಷಯ. ನಿಮ್ಮೂರಿನವನೇ ಒಬ್ಬ ರೇಡಿಯೋಗೆ ಫೋನ್ ಮಾಡಿ, ಅವಳ ಗಾಡಿಯಲ್ಲಿ ಪೆಟ್ಟಿಗೆ ಇದ್ದದ್ದನ್ನು ಕಣ್ಣಾರೆ ಕಂಡೆ ಅಂದನಂತೆ. ಇನ್ನೊಬ್ಬಳೂ ಹಾಗೇ ಅಂದಳಂತೆ. ಇಷ್ಟು ಜನ ಸುಮ್ಮನೆ ಹೇಳುತ್ತಾರಾ? ಎದುರಿನ ಮೇಜಿನಲ್ಲಿ ಕೂತವರ ಮನಸ್ಸಿನೊಳಗೆ ಏನಿದೆ ಎಂದು ನಿನಗೆ ಹೇಗೆ ಗೊತ್ತು? ನೀನು ಎಲ್ಲರನ್ನೂ ನಂಬುತ್ತೀಯ, ಚಿಕ್ಕಂದಿನಿಂದಲೂ.

ಮತ್ತೆ ಎಣಿಸಲಿ ಬಿಡು. ಪ್ರಶ್ನೆ ಕೇಳುವುದು ತಪ್ಪಲ್ಲ. ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತ ಆಗುತ್ತದೆ. ಸದ್ಯಕ್ಕೆ ಅವಳಿಂದ ಸ್ವಲ್ಪ ದೂರ ಇರು. ನಿನ್ನ ನಿವೃತ್ತಿಗೆ ಇನ್ನು ಮೂರು ವರ್ಷವಿದೆ.

ವೆಂಡೆಲ್


ಹೆರಾನ್ ಲ್ಯಾಂಡಿಂಗ್
ಡಿಸೆಂಬರ್ 11, 2022

ವೆಂಡೆಲ್‌ಗೆ,

ನೀನು ಹೇಳಿದಂತೆಯೇ ಆಯಿತು, ಮತ್ತೆ ಎಣಿಸಿದರು. ಜಿಲ್ಲಾ ಕಟ್ಟಡದಲ್ಲಿ ಮೂರು ದಿನ, ಎರಡೂ ಪಕ್ಷದವರು ಎದುರುಬದುರು ಕೂತು, ಒಂದೊಂದು ಕಾಗದವನ್ನೂ ದೀಪಕ್ಕೆ ಹಿಡಿದು. ಇಪ್ಪತ್ತೇಳು ಇದ್ದದ್ದು ಇಪ್ಪತ್ತೆಂಟಾಯಿತು. ಯಂತ್ರ ಓದದೆ ಬಿಟ್ಟಿದ್ದ ಒಂದು ಓಟು ಸೇರಿತು, ಅಷ್ಟೇ. ಎಲ್ಡನ್ ಹೊರಗೆ ಮೆಟ್ಟಿಲ ಮೇಲೆ ನಿಂತು, "ನೋಡಿದ್ರಾ? ಲೆಕ್ಕ ಸರಿ ಇದ್ದಿದ್ರೆ ಯಾಕೆ ಬದಲಾಗ್ಬೇಕಿತ್ತು?" ಎಂದು ಕೇಳಿದ. ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತ ಆಗುತ್ತದೆ ಎಂದು ಬರೆದಿದ್ದೆಯಲ್ಲ, ಹಾಗೆ ಆಗಲಿಲ್ಲ.

ಕಾನಿ ಟ್ರೂಡಿಯ ಮನೆಗೆ ಹೋಗುವುದು ಬಿಟ್ಟಳು. ಆ ಮನೆ ಮೆಟ್ಟಿಲು ಹತ್ತಬೇಡ ಎಂದನಂತೆ ಎಲ್ಡನ್. ಕಾನಿ ಅಳುತ್ತಲೇ ಕೀಲಿಕೈ ತಂದುಕೊಟ್ಟಳು. ಟ್ರೂಡಿ ಇನ್ನೂ ನಾಲ್ಕು ಜನರನ್ನು ಕೇಳಿದಳು. ಒಬ್ಬಳಿಗೆ ಬೆನ್ನು ನೋವು, ಒಬ್ಬಳಿಗೆ ಮಗಳ ಬಾಣಂತನ. ಉಳಿದಿಬ್ಬರು ಫೋನೇ ಎತ್ತಲಿಲ್ಲ. ವರ್ನ್ ಒಂದು ದಿನ ಒಲೆ ಹಚ್ಚಿ ಮರೆತ. ಇನ್ನೊಂದು ದಿನ ಬರೀ ಅಂಗಿಯಲ್ಲಿ ಹಿಮದೊಳಗೆ ನಡೆದುಬಿಟ್ಟಿದ್ದ. ಶುಕ್ರವಾರ ಅವಳು ರಾಜೀನಾಮೆ ಕೊಟ್ಟಳು. ಮೇಜಿನ ಮೇಲಿದ್ದ ಸಾಮಾನನ್ನೆಲ್ಲ ಒಂದೇ ಚೀಲಕ್ಕೆ ತುಂಬಿಕೊಂಡಳು. ಬಾಗಿಲ ಬಳಿ ನಿಂತು ನನ್ನನ್ನೇ ನೋಡಿದಳು. ನಾನೇನಾದರೂ ಹೇಳುತ್ತೇನೆಂದು ಕಾಯುತ್ತಿದ್ದಂತಿತ್ತು. "ಹುಷಾರು ಕಣೇ, ರಸ್ತೆ ಜಾರುತ್ತೆ," ಅಂದೆ. ಬಾಯಿಗೆ ಬಂದದ್ದು ಅಷ್ಟೇ.

ದೂರ ಇರು ಎಂದು ನೀನು ಬರೆದಿದ್ದೆ. ಈಗ ಬೇಕಾದಷ್ಟು ದೂರವಿದೆ.

ಒಂದು ಕೇಳುತ್ತೇನೆ. ಮೊದಲ ದಿನ ರೇಡಿಯೋಗೆ ಫೋನ್ ಮಾಡಿದವನು ಮರ್ಲ್ ತಾನೇ?

ಆರ್ಡಿಸ್


ಡ್ರೈ ಫೋರ್ಕ್
ಡಿಸೆಂಬರ್ 20, 2022

ಆರ್ಡಿ,

ಕ್ರಿಸ್‌ಮಸ್ ಹಬ್ಬದ ಶುಭಾಶಯ. ಈ ಜೊತೆಗೆ ಕಡವೆ ಮಾಂಸದ ಸಾಸೇಜ್ ಕಳಿಸಿದ್ದೇನೆ. ತಂಪಿನಲ್ಲಿಡು, ಹದಿನೈದು ದಿನ ಬರುತ್ತದೆ. ಇಲ್ಲಿ ಸೊನ್ನೆಗಿಂತ ಇಪ್ಪತ್ತು ಕೆಳಗೆ. ಪಿಕಪ್ ಹೊರಡಲು ಬಹಳ ಸತಾಯಿಸುತ್ತದೆ. ಮಂಡಿ ಪರವಾಗಿಲ್ಲ.

ಹಬ್ಬದ ದಿನ ರಾಜಕೀಯ ಬೇಡ.

ವೆಂಡೆಲ್


ಹೆರಾನ್ ಲ್ಯಾಂಡಿಂಗ್
ಜನವರಿ 22, 2023

ವೆಂಡೆಲ್‌ಗೆ,

ವರ್ನ್ ಸ್ಲಾಬಾಕ್ ಹನ್ನೊಂದನೇ ತಾರೀಖು ತೀರಿಕೊಂಡ.

ಹಬ್ಬ ಮುಗಿದ ಮಾರನೇ ದಿನ ಅವನನ್ನು ನಲವತ್ತು ಮೈಲಿ ಆಚೆಯ ಒಂದು ಆರೈಕೆ ಮನೆಗೆ ಸೇರಿಸಿದ್ದಳು. ಹಗಲೂ ರಾತ್ರಿ ಒಬ್ಬಳೇ ನೋಡಿಕೊಂಡು ಅವಳ ಮೈ ಕುಸಿದಿತ್ತು. ಹತ್ತಿರದ ಆರೈಕೆ ಮನೆಯಲ್ಲಿ ಜಾಗವಿಲ್ಲ ಅಂದರಂತೆ. ಹೊಸ ಜಾಗದಲ್ಲಿ ವರ್ನ್ ಯಾರ ಕೈಯಿಂದಲೂ ಊಟ ಮಾಡಲಿಲ್ಲ. ದಿನವೂ ಹೋಗಿಬರುತ್ತಿದ್ದಳು. ಹನ್ನೊಂದರಂದು ಹಿಮಗಾಳಿಗೆ ಹೆದ್ದಾರಿ ಮುಚ್ಚಿತ್ತು. ಅವಳು ಅರ್ಧ ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಕಾಯುತ್ತಿದ್ದಾಗ ಅಲ್ಲಿಂದ ಫೋನ್ ಬಂತು.

ಇಪ್ಪತ್ತೆರಡು ವರ್ಷ ಈ ಊರಿನ ಮದುವೆ ಪರವಾನಗಿ, ನಾಯಿ ಪರವಾನಗಿ, ಸಾವಿನ ಕಾಗದ ಎಲ್ಲದಕ್ಕೂ ಮೊಹರು ಒತ್ತಿದವಳ ಗಂಡನ ಅಂತ್ಯಕ್ರಿಯೆಗೆ ಹದಿನಾಲ್ಕು ಜನ ಬಂದಿದ್ದರು. ಪಾದ್ರಿಯನ್ನೂ ಸೇರಿಸಿ. ಕಾನಿ ಒಬ್ಬಳೇ ಬಂದು ಹಿಂದಿನ ಸಾಲಿನಲ್ಲಿ ಕೂತು, ಹಾಡು ಮುಗಿಯುವ ಮೊದಲೇ ಎದ್ದುಹೋದಳು.

ಊಟವಾದ ಮೇಲೆ ಚರ್ಚಿನ ನೆಲಮಾಳಿಗೆಯ ಅಡುಗೆಕೋಣೆಯಲ್ಲಿ ನಾನು ಬಟ್ಟಲು ತೊಳೆಯುತ್ತಿದ್ದೆ. ಟ್ರೂಡಿ ತಾನಾಗಿ ಬಂದು ಪಕ್ಕದಲ್ಲಿ ನಿಂತು ಒರೆಸತೊಡಗಿದಳು. ಇನ್ನು ತಡೆಯಲಾಗಲಿಲ್ಲ.

"ಟ್ರೂಡಿ, ಆ ಲಕೋಟೆ ಮನೆಗೆ ತಗೊಂಡು ಹೋಗಿದ್ದು ನಾನು," ಅಂದೆ.

ಅವಳ ಕೈ ನಿಲ್ಲಲಿಲ್ಲ. "ಗೊತ್ತು."

"ಗೊತ್ತಾ?"

"ಮಾರನೇ ದಿನ ಪೆಟ್ಟಿಗೆ ತೆಗೆದ್ರೆ ಲಕೋಟೆ ಮೇಲೆಲ್ಲ ಕಿತ್ತಳೆ ಬಣ್ಣದ ಬೆಕ್ಕಿನ ಕೂದ್ಲು. ನಿನ್ನ ಬೆಕ್ಕು ನಂಗೆ ಗೊತ್ತಿಲ್ವಾ? ಯಾರಾದ್ರೂ ನೋಡ್ಬಿಟ್ರೆ ಅಂತ ಒಂದೊಂದೇ ಒರೆಸಿಟ್ಟೆ."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ? ಆರ್ಡಿಸ್ ಮಾಡಿದ್ದು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತಲ್ಲೇ."

"ನಾನು ಹೇಳ್ಬೇಕಿತ್ತಾ?" ಬಟ್ಟಲನ್ನು ಕೆಳಗಿಟ್ಟಳು. "ದಿನಾ ಬೆಳಿಗ್ಗೆ ಕೋಟು ತಗಲಿಹಾಕ್ವಾಗ ಅನ್ಕೋತಿದ್ದೆ, ಇವತ್ತು ಹೇಳ್ತಾಳೆ. ಇವತ್ತಿಲ್ಲಾಂದ್ರೆ ನಾಳೆ ಹೇಳ್ತಾಳೆ. ಕೆಲ್ಸ ಬಿಟ್ಟ ದಿನ ಬಾಗ್ಲಲ್ಲಿ ನಿಂತಿದ್ನಲ್ಲ, ಆಗ ಹೇಳೇ ಹೇಳ್ತೀಯ ಅನ್ಕೊಂಡೆ. ರಸ್ತೆ ಜಾರುತ್ತೆ ಅಂದೆ ನೀನು. ಒಂಬತ್ತು ವಾರ, ಆರ್ಡಿಸ್."

ನಾನು ಕೆಲಸ ಹೋಗುತ್ತದೆಂದು ಹೆದರಿದೆ ಎಂದೆ. ನನ್ನ ಅಣ್ಣನಿಗೆ ಬರೆದಿದ್ದೆ, ಅವನ ಮೇಜಿನಿಂದ ಹೊರಟ ಮಾತು ಎಂದೆ. ಎಲ್ಲ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಕೊನೇ ವಾರ ಅವ್ರು ನನ್ನ ಹೆಸ್ರೂ ಮರೆತಿದ್ರು," ಅಂದಳು. "ಊರಿಗೆಲ್ಲ ನನ್ನ ಹೆಸ್ರು ಬಾಯಿಪಾಠ ಆಗಿತ್ತು. ಅವ್ರೊಬ್ರಿಗೆ ಮಾತ್ರ ಗೊತ್ತಿರ್ಲಿಲ್ಲ."

ಆಮೇಲೆ ಕೋಟು ಹಾಕಿಕೊಂಡು ಹೋದಳು. ಮಿಕ್ಕ ಬಟ್ಟಲು ನಾನೇ ಒರೆಸಿದೆ.

ಮಂಗಳವಾರ ಪುರಸಭೆಯ ಸಭೆ ಇತ್ತು. ಸಾರ್ವಜನಿಕರಿಗೆ ಮೂರು ನಿಮಿಷ ಕೊಡುತ್ತಾರೆ. ಇಷ್ಟು ವರ್ಷ ಆ ಗಡಿಯಾರ ಒತ್ತುತ್ತಿದ್ದವಳು ನಾನೇ, ಆ ದಿನ ಎದುರಿಗೆ ಹೋಗಿ ನಿಂತೆ. ತೇವವಾದ ಲಕೋಟೆ, ಅಡುಗೆಮನೆ, ಬಿಸಿಗಾಳಿ, ಪುಸ್ತಕದಲ್ಲಿ ರುಜು ಹಾಕದೆ ಇದ್ದದ್ದು, ಎಲ್ಲವನ್ನೂ ಹೇಳಿದೆ. ಅದು ಸೆಪ್ಟೆಂಬರ್, ಆಗ ಮತಪತ್ರಗಳನ್ನು ಯಾರಿಗೂ ಕಳಿಸಿಯೇ ಇರಲಿಲ್ಲ ಎಂದೆ. ಟ್ರೂಡಿ ಒಂದು ಲಕೋಟೆಯನ್ನೂ ಹೊರಗೆ ಒಯ್ದವಳಲ್ಲ ಎಂದೆ. ನಿನ್ನ ಹೆಸರು ಹೇಳಲಿಲ್ಲ. ಯಾರಿಗೋ ತಮಾಷೆಗೆ ಬರೆದೆ ಎಂದಷ್ಟೇ ಹೇಳಿದೆ.

ಎಲ್ಡನ್ ಎದ್ದು ನಿಂತ. "ಈಗ್ಯಾಕೆ ಹೇಳ್ತಿದ್ದೀಯಾ? ಅವ್ಳನ್ನ ಉಳಿಸೋಕಾ?" ಅಂದ. ಆಮೇಲೆ ಸಭೆಯ ಕಡೆ ತಿರುಗಿ, "ಒಬ್ಳು ಅನ್ಕೊಂಡಿದ್ವಿ, ಇಬ್ರು ಅಂತ ಗೊತ್ತಾಯ್ತು," ಅಂದ. ಚಪ್ಪಾಳೆ ತಟ್ಟಿದರು, ವೆಂಡೆಲ್. ಎಲ್ಲರೂ ಅಲ್ಲ. ತಟ್ಟದೆ ಇದ್ದವರು ನೆಲ ನೋಡುತ್ತಿದ್ದರು.

ಮಾರನೇ ದಿನ ನನ್ನಿಂದ ರಾಜೀನಾಮೆ ಬರೆಸಿಕೊಂಡರು. ಅದು ಸರಿಯೇ.

ಒಂದು ವಿಷಯ ಮಾತ್ರ ನನಗೆ ತಿಳಿಯದು. ನಿನ್ನ ಮೇಜಿನಲ್ಲಿ ನನ್ನ ಹೆಸರು ಹೇಳಲಿಲ್ಲ ಎಂದು ನೀನು ಬರೆದಿದ್ದೆ. ಹಾಗಾದರೆ ಟ್ರೂಡಿಯ ಹೆಸರು ಮೊಂಟಾನಾದವರಿಗೆ ಹೇಗೆ ಗೊತ್ತಾಯಿತು? ಮೊದಮೊದಲು, ಕಚೇರಿಯಲ್ಲಿ ಇರುವವರೇ ಇಬ್ಬರು, ಇಲ್ಲಿನವರೇ ಯಾರೋ ಊಹಿಸಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಮೊದಲ ದಿನದ ಮೊದಲ ಮಾತಿನಲ್ಲೇ ಆ ಹೆಸರಿತ್ತು. ನಿಜ ಹೇಳು.

ಆರ್ಡಿಸ್


ಡ್ರೈ ಫೋರ್ಕ್
ಫೆಬ್ರವರಿ 6, 2023

ಆರ್ಡಿ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಹೆಸರು ಹೇಳಿದ್ದು ನಾನು.

ಅವತ್ತು ಮೇಜಿನಲ್ಲಿ ಕಥೆ ಶುರುಮಾಡಿದೆ. ಅರ್ಧಕ್ಕೆ ಬಂದಾಗ ಮರ್ಲ್, "ಯಾರೋ ಆ ಹೆಂಗ್ಸು? ನಿನ್ ತಂಗೀನಾ?" ಅಂದ. ಅವನ ಮುಖ ನೋಡಿದರೆ ತಮಾಷೆಯಾಗಿರಲಿಲ್ಲ. ನಿನ್ನ ಮೇಲೆ ಹಾಕಲು ಮನಸ್ಸಾಗಲಿಲ್ಲ. "ಛೇ, ನನ್ ತಂಗಿ ಅಂಥೋಳಲ್ಲ, ಅವ್ಳ ಜೊತೆ ಕೆಲ್ಸ ಮಾಡೋ ಟ್ರೂಡಿ ಅಂತ ಒಬ್ಳಿದ್ದಾಳೆ, ಅವ್ಳು," ಅಂದೆ. ಕಾಗದದಲ್ಲಿ ಇದ್ದ ಹೆಸರು, ನಾಲಿಗೆಗೆ ಬಂತು. ಅವಳ ಮುಖವೂ ಆಗ ನೆನಪಾಗಲಿಲ್ಲ. ಆಮೇಲೆ ಆ ಆಲೂಗಡ್ಡೆ ತಟ್ಟೆ ನೆನಪಾಯಿತು. ಆಗಲೂ ಸುಮ್ಮನಿದ್ದೆ.

ರೇಡಿಯೋದಲ್ಲಿ ಬಂದಾಗ ಎದ್ದು ಆರಿಸಿಬಿಟ್ಟೆ. ಎರಡು ದಿನ ಕಳೆದ ಮೇಲೆ ನಿಮ್ಮೂರಿನವರು ಒಬ್ಬೊಬ್ಬರೇ ಕಂಡೆ, ಕೇಳಿದೆ ಅಂತ ಫೋನ್ ಮಾಡಿದರು. ಆಗ ನನಗೆ ಸಮಾಧಾನವಾಯಿತು ಆರ್ಡಿ, ನಿಜವಾಗಿ ಸಮಾಧಾನವಾಯಿತು. ನಾನು ಬಾಯಿಗೆ ಬಂದದ್ದು ಹೇಳಿದೆ, ಅದು ಹೇಗೋ ನಿಜವೇ ಆಗಿತ್ತು ಅಂದುಕೊಂಡೆ. ಹಾಗೆ ಅಂದುಕೊಂಡಿದ್ದರಿಂದಲೇ ಅವಳಿಂದ ದೂರ ಇರು ಎಂದು ನಿನಗೆ ಬರೆದೆ.

ಸೆಪ್ಟೆಂಬರ್ ಕಾಗದವನ್ನು ಸುಟ್ಟಿರಲಿಲ್ಲ. ಸುಳ್ಳು ಬರೆದಿದ್ದೆ. ನಿನ್ನ ಕೈಬರಹ, ಒಲೆಗೆ ಹಾಕಲು ಆಗಲಿಲ್ಲ. ನಿನ್ನೆ ಅದನ್ನು ಕಾಫಿ ಅಂಗಡಿಗೆ ಒಯ್ದು ಎಲ್ಲರ ಮುಂದೆ ಓದಿದೆ. ಖಾಲಿ ಅನ್ನುವ ಪದವನ್ನು ಎರಡು ಸಲ ಓದಿದೆ. ಅವಳ ಗಂಡ ಸತ್ತ ವಿಷಯ ಹೇಳಿದೆ. ಮರ್ಲ್ ಟೋಪಿ ಹಾಕಿಕೊಂಡು, "ಯಾರೋ ನಿಂಗೆ ಹೀಗೆ ಹೇಳು ಅಂತ ಹೇಳ್ಕೊಟ್ಟಿದ್ದಾರೆ ವೆಂಡೆಲ್," ಎಂದು ಎದ್ದುಹೋದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ರೇಡಿಯೋಗೂ ಫೋನ್ ಮಾಡಿದೆ. ನಲವತ್ತು ನಿಮಿಷ ಕಾಯಿಸಿದರು. ಏನು ವಿಷಯ ಎಂದು ಕೇಳಿದಳು ಒಬ್ಬಳು. ಹೇಳಿದೆ. ಅದು ಹಳೇ ಸುದ್ದಿ, ಇವತ್ತು ಗ್ಯಾಸ್ ಒಲೆ ನಿಷೇಧದ ಬಗ್ಗೆ ಮಾತಾಡುವವರಿಗೆ ಮಾತ್ರ ಅವಕಾಶ ಎಂದಳು.

ಈ ಜೊತೆಗೆ ಟ್ರೂಡಿಗೆ ಬರೆದ ಕಾಗದವಿದೆ. ಅವಳಿಗೆ ತಲುಪಿಸು. ರಸ್ತೆ ತೆರೆದ ಮೇಲೆ ನಾನೇ ಬಂದು ಅವಳ ಮುಂದೆ ನಿಲ್ಲುತ್ತೇನೆ. ಬರಲೇ?

ನಿನ್ನ ಅಣ್ಣ,
ವೆಂಡೆಲ್


ಡ್ರೈ ಫೋರ್ಕ್
ಮಾರ್ಚ್ 12, 2023

ಆರ್ಡಿ,

ಕಾಗದ ತಲುಪಿತೇ? ಫೋನ್ ಮಾಡಿದರೆ ಎತ್ತುತ್ತಿಲ್ಲ. ಎರಡು ಸಾಲು ಬರೆ, ಬೈದಾದರೂ ಬರೆ.

ವೆಂಡೆಲ್


ಹೆರಾನ್ ಲ್ಯಾಂಡಿಂಗ್
ಏಪ್ರಿಲ್ 5, 2023

ಅಣ್ಣ,

ಕಾಗದ ತಲುಪಿತ್ತು. ಉತ್ತರಿಸಲು ಎರಡು ತಿಂಗಳು ಬೇಕಾಯಿತು. ನಿನಗೆ ಬೈಯಲು ಕೂತಾಗಲೆಲ್ಲ ಒಂದೇ ಕಡೆ ಬಂದು ನಿಲ್ಲುತ್ತಿದ್ದೆ. ನೀನು ಒಂದು ಸಲ, ಒಂದು ಕ್ಷಣದಲ್ಲಿ, ಸುಳ್ಳು ಹೇಳಿದೆ. ನಾನು ಒಂಬತ್ತು ವಾರ, ಅದರಲ್ಲಿ ನಾಲ್ಕು ವಾರ ದಿನವೂ ಅವಳ ಮುಖ ನೋಡಿಕೊಂಡು, ನಿಜ ಹೇಳಲಿಲ್ಲ. ನನ್ನನ್ನು ಉಳಿಸಲು ನೀನು ಅವಳ ಹೆಸರು ಕೊಟ್ಟೆ. ನಾನು ಉಳಿದುಕೊಂಡೆ.

ಟ್ರೂಡಿಗೆ ನೀನು ಬರೆದ ಕಾಗದವನ್ನು ಫೆಬ್ರವರಿಯಲ್ಲಿ ಅವಳ ಮನೆಯ ಅಂಚೆ ಡಬ್ಬಿಗೆ ಹಾಕಿದ್ದೆ. ನಾಲ್ಕು ದಿನದ ಮೇಲೆ ಒಡೆಯದೆ ನನ್ನ ವಿಳಾಸಕ್ಕೆ ವಾಪಸು ಬಂತು. ಇದರೊಳಗೆ ಇಟ್ಟಿದ್ದೇನೆ. ಅವಳ ಮನೆ ಮಾರಾಟಕ್ಕಿದೆ. ಈ ತಿಂಗಳ ಕೊನೆಗೆ ಮಗಳ ಊರಿಗೆ, ಅಯೋವಾಕ್ಕೆ ಹೋಗುತ್ತಾಳೆ ಎಂದು ಕಾನಿ ಹೇಳಿದಳು.

ನಿನ್ನೆ ಇಲ್ಲಿ ವಸಂತದ ಚುನಾವಣೆ. ಶಾಲಾ ಮಂಡಳಿ, ನ್ಯಾಯಾಧೀಶರು, ಅಂಥವು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮೇಜಿನ ಈಚೆ ಬದಿಯಲ್ಲಿ ನಿಂತೆ. ಮೊದಲೆಲ್ಲ ಅಗ್ನಿಶಾಮಕ ಠಾಣೆಯ ಕೋಣೆಯಲ್ಲಿ ಆರು ಹೆಂಗಸರು ಕೂರುತ್ತಿದ್ದೆವು. ಕೇಕು, ಕಾಫಿ, ಯಾರ ಮೊಮ್ಮಗು ಎಷ್ಟು ಬೆಳೆಯಿತು ಎಂಬ ಮಾತು. ನಿನ್ನೆ ಇಬ್ಬರೇ ಇದ್ದರು, ಇಬ್ಬರೂ ಬೇರೆ ಊರಿನವರು. ಇಲ್ಲಿಯವರು ಯಾರೂ ಒಪ್ಪಲಿಲ್ಲವಂತೆ. ಸಾಲು ನಿಧಾನವಾಗಿ ಸಾಗುತ್ತಿತ್ತು.

ನನಗಿಂತ ಐದು ಜನ ಮುಂದೆ ಟ್ರೂಡಿ ನಿಂತಿದ್ದಳು. ಹಿಂದಿನಿಂದ ನೋಡಿದರೆ ಗುರುತು ಸಿಗುತ್ತಿರಲಿಲ್ಲ, ಅಷ್ಟು ಇಳಿದುಹೋಗಿದ್ದಾಳೆ. ಬಿಟ್ಟುಹೋಗುವ ಊರಿನ ಶಾಲಾ ಮಂಡಳಿಗೆ ಯಾರಾದರೆ ಅವಳಿಗೇನು? ಆದರೂ ಬಂದಿದ್ದಳು. ಇಲ್ಲಿ ಹೆಸರು, ವಿಳಾಸ ಗಟ್ಟಿಯಾಗಿ ಹೇಳಬೇಕು, ಅದು ನಿಯಮ. ಅವಳ ಸರದಿ ಬಂದಾಗ ಕೋಣೆಯಲ್ಲಿ ಮಾತು ನಿಂತಿತು. ಎಲ್ಡನ್ ಬಾಗಿಲ ಬಳಿ ನಿಂತಿದ್ದ. ಅವಳು ತಲೆ ಎತ್ತಿ, "ಟ್ರೂಡಿ ಸ್ಲಾಬಾಕ್, ನೂರ ಹದಿನಾಲ್ಕು, ಗಿರಣಿ ಬೀದಿ," ಎಂದಳು. ಕೊನೆಯ ಗೋಡೆಯವರೆಗೂ ಕೇಳಿಸಿತು. ಊರಿನವರಲ್ಲದ ಆ ಹೆಂಗಸು ಏನೂ ಗೊತ್ತಿಲ್ಲದೆ ಪಟ್ಟಿಯಲ್ಲಿ ಹುಡುಕಿ, ನಗುತ್ತಾ ಮತಪತ್ರ ಕೊಟ್ಟಳು.

ಓಟು ಹಾಕಿ ತಿರುಗಿದವಳು ಸಾಲಿನ ಪಕ್ಕದಲ್ಲೇ ಬಂದಳು. ಅವಳು ಹತ್ತಿರ ಬಂದಂತೆ ನಾನು ಮುಂದೆ ಹೋಗುವುದನ್ನೂ ಮರೆತು ನಿಂತುಬಿಟ್ಟೆ. ನನ್ನ ಮುಂದೆ ನಾಲ್ಕು ಹೆಜ್ಜೆ ಜಾಗ ಖಾಲಿಯಾಗಿತ್ತು. ಏನೋ ಹೇಳಲು ಬಾಯಿ ತೆರೆದೆ. ಅವಳು ನನ್ನ ಮುಖ ನೋಡಿದಳು. ಕಚೇರಿಯ ಕಿಟಕಿಗೆ ಬರುವ ಯಾರ ಜೊತೆಗಾದರೂ ಮಾತಾಡುವ ಅದೇ ಮೆದು ದನಿಯಲ್ಲಿ,

"ಮುಂದೆ ನಡೀರಿ ಮಿಸೆಸ್ ಲೂಂಡ್, ಸಾಲು ಹೋಗ್ತಾ ಇದೆ," ಅಂದಳು.

ಇಷ್ಟು ವರ್ಷ ಅವಳ ಬಾಯಲ್ಲಿ ನಾನು ಬರೀ ಆರ್ಡಿಸ್ ಆಗಿದ್ದೆ.

ಬರಲೇ ಎಂದು ಕೇಳಿದ್ದೀಯ. ಬರಬೇಡ ಎನ್ನುವುದಿಲ್ಲ. ಬಾ ಎಂದು ಬರೆಯಲು ಇವತ್ತು ಕೈ ಏಳುತ್ತಿಲ್ಲ. ಅವಳು ಹೋದ ಮೇಲೆ ನಾನು ನಾಲ್ಕು ಹೆಜ್ಜೆ ಮುಂದೆ ನಡೆದು, ನನ್ನ ಸರದಿ ಬಂದಾಗ ಹೆಸರು ಹೇಳಿದೆ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದಳು ಆ ಹೆಂಗಸು.

ಆರ್ಡಿಸ್